ಕಣ್ಣಿನ ಡಾಕ್ಟರು ಸೊಂಟನೋವಿನ ಬಗ್ಗೆ ಕೇಳಿದ್ದೇಕೆ?

ಪುಟ್ಟೇನಹಳ್ಳಿ ಕೆರೆಯ ಹಿಂದಿನ ಓಣಿಯೊಂದರಲ್ಲಿ ನಾವು ನಾಲ್ಕು ಜನ ಬಾಡಿಗೆ ಮನೆ ಮಾಡಿಕೊಂಡಿದ್ದ ಕಾಲದ ಮಾತು. ಎಲ್ಲರೂ ಹಳ್ಳಿಗಳಿಂದ ಬಂದು ಪತ್ರಿಕೋದ್ಯಮ ಓದಿದವರು. ಒಬ್ಬ ಪತ್ರಿಕೆಯ ಡೆಸ್ಕಿನಲ್ಲಿ, ಇಬ್ಬರು ಚಾನೆಲ್‌ಗಳಲ್ಲಿ, ಇನ್ನೊಬ್ಬ ಕೆಲಸ ಹುಡುಕುತ್ತ. ಡೆಸ್ಕಿನಲ್ಲಿದ್ದವನು ಶಿರಾ ಕಡೆಯವನು. ಒಂದು ಬೆಳಿಗ್ಗೆ ಎದ್ದಾಗ ಅವನ ಎಡಗಣ್ಣು ಕೆಂಪಗಾಗಿತ್ತು.

ಮೆಡಿಕಲ್ ಸ್ಟೋರಿನವರು ಕಣ್ಣನ್ನು ನೋಡಿಯೇ ಹೇಳಿದರು: "ಮದ್ರಾಸ್ ಐ ಸಾರ್. ಈ ಡ್ರಾಪ್ಸ್ ಮೂರು ದಿನ ಹಾಕಿ, ಹೋಗುತ್ತೆ." ಊರಿಂದ ಅವ್ವ ಫೋನಿನಲ್ಲಿ ನಂದಿಬಟ್ಟಲು ಹೂವನ್ನು ರಾತ್ರಿ ಕಣ್ಣ ಮೇಲೆ ಇಟ್ಟುಕೊಂಡು ಮಲಗಲು ಹೇಳಿದರು. ಡ್ರಾಪ್ಸ್ ಹಾಕಿದಾಗ ಕೆಂಪು ಇಳಿಯಿತು, ಬಿಟ್ಟಾಗ ಮತ್ತೆ ಏರಿತು. ಮದ್ರಾಸ್ ಐ ಆಗಿದ್ದರೆ ಪಿಸುರು ಬರಬೇಕಿತ್ತು, ನಮಗೂ ಅಂಟಬೇಕಿತ್ತು. ಎರಡೂ ಆಗಲಿಲ್ಲ. ಬದಲಿಗೆ ಕಣ್ಣಿನ ಆಳದಲ್ಲಿ ನೋವು, ಬೆಳಕು ಕಂಡರೆ ಆಗದು. ಆಫೀಸಿನ ಟ್ಯೂಬ್‌ಲೈಟಿಗೂ ಕಪ್ಪು ಕನ್ನಡಕ ಹಾಕಿ ಕೂರುತ್ತಿದ್ದ. ಹನ್ನೆರಡನೇ ದಿನ ಪ್ರೂಫ್ ಓದುವಾಗ ಒತ್ತಕ್ಷರಗಳು ಮಂಜಾಗಿ ಕಂಡವು. ಆಗ ಕಣ್ಣಾಸ್ಪತ್ರೆಗೆ ಹೋದೆವು.

ಅಲ್ಲಿನ ಡಾಕ್ಟರು ಅವನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ತೆಳ್ಳನೆಯ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗೂ ಕಣ್ಣಿಗೂ ಸಂಬಂಧವೇ ಇರಲಿಲ್ಲ. "ಬೆಳಿಗ್ಗೆ ಎದ್ದ ತಕ್ಷಣ ಸೊಂಟ ಹಿಡ್ಕೊಂಡ ಹಾಗೆ ಆಗುತ್ತಾ? ಓಡಾಡಿದ ಮೇಲೆ ಸಡಿಲ ಆಗುತ್ತಾ?"

ಗೆಳೆಯ ನಮ್ಮ ಮುಖ ನೋಡಿದ. ನಾಲ್ಕು ವರ್ಷದಿಂದ ಅವನಿಗೆ ಹಾಗೆ ಆಗುತ್ತಿತ್ತು. ನಾವೆಲ್ಲ ಅದನ್ನು ಬೈಕಿನ ತಪ್ಪು, ಡೆಸ್ಕಿನ ಕುರ್ಚಿಯ ತಪ್ಪು ಎಂದುಕೊಂಡಿದ್ದೆವು.

ಆ ಒಂದು ಪ್ರಶ್ನೆ ವೈದ್ಯರ ಬಾಯಿಗೆ ಬರಲು ಎಷ್ಟು ಕಾಲ ಬೇಕಾಯಿತು ಎಂದು ಆಮೇಲೆ ಹುಡುಕುತ್ತ ಹೋದೆವು. ಸುಮಾರು ನೂರೈವತ್ತು ವರ್ಷ ಬೇಕಾಗಿತ್ತು. ಈ ಬರಹ ಆ ನೂರೈವತ್ತು ವರ್ಷಗಳದ್ದು.

ದ್ರಾಕ್ಷಿಯಂಥ ಪದರ

ಗೆಳೆಯನ ಚೀಟಿಯಲ್ಲಿ ಬರೆದಿದ್ದ ಹೆಸರು ಯೂವೈಟಿಸ್. ಲ್ಯಾಟಿನ್ ಭಾಷೆಯಲ್ಲಿ 'ಯೂವಾ' ಎಂದರೆ ದ್ರಾಕ್ಷಿ. ಕಣ್ಣುಗುಡ್ಡೆಯ ಹೊರಗಿನ ಬಿಳಿ ಚಿಪ್ಪನ್ನು ಬಿಡಿಸಿದರೆ ಒಳಗಿನ ಪದರ ಕಪ್ಪು ದ್ರಾಕ್ಷಿಯಂತೆ ಕಾಣುತ್ತದೆ ಎಂದು ಹಿಂದಿನ ಕಾಲದ ಅಂಗರಚನಾ ತಜ್ಞರು ಆ ಹೆಸರಿಟ್ಟರು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ನೆನೆಸಿಕೊಂಡರೆ ಸಾಕು. ಪಾಪೆಯ ಸುತ್ತಲಿನ ಬಣ್ಣದ ಬಳೆ, ಅದರ ಹಿಂದಿನ ಸ್ನಾಯು, ಇನ್ನೂ ಹಿಂದೆ ಅಕ್ಷಿಪಟಲಕ್ಕೆ ರಕ್ತ ಒದಗಿಸುವ ಪದರ, ಈ ಮೂರೂ ಸೇರಿ ಯೂವಿಯಾ. ಇದರಲ್ಲಿ ಉರಿಯೂತವಾದರೆ ಯೂವೈಟಿಸ್.

ಉರಿಯೂತಕ್ಕೆ ಕಾರಣಗಳನ್ನು ಎರಡು ಗುಂಪು ಮಾಡಬಹುದು. ಒಂದು, ಹೊರಗಿನಿಂದ ಬಂದ ರೋಗಾಣು: ಕ್ಷಯ, ಸಿಫಿಲಿಸ್, ಹರ್ಪಿಸ್ ಮುಂತಾದವು. ಇನ್ನೊಂದು, ನಮ್ಮದೇ ರೋಗನಿರೋಧಕ ಪಡೆ ನಮ್ಮ ಕಣ್ಣನ್ನೇ ಪರಕೀಯ ಎಂದು ತಿಳಿದು ಮೇಲೆ ಬೀಳುವುದು. ಕಾರಣ ಗೊತ್ತಾಗದೆ ಉಳಿಯುವ ರೋಗಿಗಳೂ ಬಹಳ. ತೊಂದರೆ ಏನೆಂದರೆ ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ, ಕಣ್ಣು ಕೆಂಪು. ಔಷಧಿ ಮಾತ್ರ ಒಂದಕ್ಕೊಂದು ವಿರುದ್ಧ. ಮೊದಲನೆಯದಕ್ಕೆ ರೋಗಾಣುವನ್ನು ಕೊಲ್ಲಬೇಕು, ಎರಡನೆಯದಕ್ಕೆ ನಮ್ಮ ಪಡೆಯನ್ನೇ ತಣ್ಣಗೆ ಮಾಡಬೇಕು. ಕ್ಷಯದ ಕಣ್ಣಿಗೆ ಬರೀ ಪಡೆ ತಣಿಸುವ ಔಷಧಿ ಕೊಟ್ಟರೆ ರೋಗಾಣುವಿಗೆ ಬಾಗಿಲು ತೆರೆದಂತೆ. ಈ ಕಾಯಿಲೆಯ ಇತಿಹಾಸವಿಡೀ 'ಒಳಗಿನವರೋ, ಹೊರಗಿನವರೋ' ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ.

ಒಂದು ಕಣ್ಣಿಗೆ ಪೆಟ್ಟು, ಇನ್ನೊಂದಕ್ಕೆ ಕಾಯಿಲೆ

ಕಣ್ಣು ಕೆಂಪಾಗಿ ನೋಯುವುದನ್ನು ನಮ್ಮ ಹಿಂದಿನವರು ಗಮನಿಸದೆ ಇರಲಿಲ್ಲ. ಸುಶ್ರುತ ಸಂಹಿತೆ 76 ಕಣ್ಣಿನ ರೋಗಗಳನ್ನು ಎಣಿಸುತ್ತದೆ. ಕಣ್ಣು ಕೆಂಪಾಗಿ ನೀರೂರುವ 'ಅಭಿಷ್ಯಂದ'ವೇ ಹೆಚ್ಚಿನ ಕಣ್ಣಿನ ಕಾಯಿಲೆಗಳ ಮೂಲ ಎನ್ನುತ್ತದೆ. ಆದರೆ ಕಣ್ಣಿನ ಒಳಗೆ ಇಣುಕುವ ಉಪಕರಣ ಯಾರ ಬಳಿಯೂ ಇಲ್ಲದ ಕಾಲ ಅದು.

ದೇಹವೇ ಕಣ್ಣಿನ ಮೇಲೆ ಬೀಳಬಹುದು ಎಂಬ ಮೊದಲ ಸುಳಿವು ಸಿಕ್ಕಿದ್ದು ಅಪಘಾತಗಳಿಂದ. ಒಂದು ಕಣ್ಣಿಗೆ ಚೂಪಾದ್ದೇನೋ ಚುಚ್ಚಿ ಗಾಯವಾಗುತ್ತದೆ. ಕೆಲವು ವಾರ ಅಥವಾ ತಿಂಗಳ ಮೇಲೆ, ಏನೂ ಆಗದಿದ್ದ ಇನ್ನೊಂದು ಕಣ್ಣೂ ಕೆಂಪಾಗಿ ದೃಷ್ಟಿ ಹೋಗುತ್ತದೆ. ಗ್ಲಾಸ್ಗೋದ ವೈದ್ಯ ವಿಲಿಯಂ ಮೆಕೆಂಝಿ 1830ರ ದಶಕದಲ್ಲಿ ಇದನ್ನು ವಿವರಿಸಿ, ಒಂದು ಕಣ್ಣು ಇನ್ನೊಂದಕ್ಕೆ 'ಮರುಗುತ್ತದೆ' ಎಂಬ ಅರ್ಥದ ಹೆಸರು ಕೊಟ್ಟ. ನರದ ಮೂಲಕ ಕಾಯಿಲೆ ಆ ಕಣ್ಣಿನಿಂದ ಈ ಕಣ್ಣಿಗೆ ಹರಿಯುತ್ತದೆ ಎಂದು ಅಂದಾಜು ಮಾಡಿದ.

ಇದಕ್ಕೆ ಬಲಿಯಾದವರಲ್ಲಿ ನಮಗೆಲ್ಲ ಗೊತ್ತಿರುವ ಒಬ್ಬನಿದ್ದಾನೆ. 1812ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಮೂರು ವರ್ಷದ ಹುಡುಗ ಅಪ್ಪನ ಚರ್ಮದ ಕೆಲಸದ ಮನೆಯಲ್ಲಿ ಆಡುತ್ತ ದಬ್ಬಳದಿಂದ ಒಂದು ಕಣ್ಣು ಚುಚ್ಚಿಕೊಂಡ. ಸ್ವಲ್ಪ ಕಾಲದಲ್ಲಿ ಇನ್ನೊಂದು ಕಣ್ಣಿಗೂ ಬೇನೆ ಹತ್ತಿತು. ಐದು ವರ್ಷ ತುಂಬುವ ಹೊತ್ತಿಗೆ ಪೂರ್ತಿ ಕತ್ತಲೆ. ಅವನು ಲೂಯಿ ಬ್ರೈಲ್. ಅವನ ಎರಡನೇ ಕಣ್ಣನ್ನು ಕಸಿದದ್ದು ಇದೇ ಕಾಯಿಲೆ ಇರಬೇಕು ಎಂಬುದು ಇಂದಿನ ಅನೇಕ ವೈದ್ಯರ ಅಭಿಪ್ರಾಯ.

1910ರಲ್ಲಿ ಪ್ರಾಗ್ ನಗರದ ಆಂಟನ್ ಎಲ್ಶ್‌ನಿಗ್ ಬೇರೆಯೇ ಮಾತು ಹೇಳಿದ. ಗಾಯವಾದ ಕಣ್ಣಿನಿಂದ ಯೂವಿಯಾದ ವಸ್ತು ಹೊರಬಂದು ರಕ್ತಕ್ಕೆ ಸೇರುತ್ತದೆ, ದೇಹ ಅದನ್ನು ಪರಕೀಯ ಎಂದು ಗುರುತಿಸಿಕೊಳ್ಳುತ್ತದೆ, ಆಮೇಲೆ ಅದೇ ವಸ್ತು ಇರುವ ಇನ್ನೊಂದು ಕಣ್ಣಿನ ಮೇಲೆ ಬೀಳುತ್ತದೆ ಎಂಬುದು ಅವನ ವಾದ. ಇಂದಿನ ತಿಳಿವಳಿಕೆಗೆ ಅದು ಬಹಳ ಹತ್ತಿರ. ಆದರೆ ಕಾಲ ಅವನ ಪರ ಇರಲಿಲ್ಲ. ಆ ಶತಮಾನದ ಆರಂಭದಲ್ಲೇ ಜರ್ಮನಿಯ ಪಾಲ್ ಎರ್ಲಿಕ್, ದೇಹ ತನ್ನನ್ನೇ ಸುಟ್ಟುಕೊಳ್ಳುವುದಕ್ಕೆ ಹೆದರುತ್ತದೆ, ಅದಕ್ಕೆ ಒಳಗೇ ತಡೆ ಇದೆ ಎಂದು ಹೇಳಿದ್ದ. ಎರ್ಲಿಕ್ ದೊಡ್ಡ ಹೆಸರು, ಅವನ ಮಾತು ದೊಡ್ಡ ಗೋಡೆಯಾಯಿತು. 1956ರಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್ಸ್ಕಿ ಮೊಲಗಳ ಥೈರಾಯ್ಡ್ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆಯೇ 'ದೇಹವೇ ದೇಹದ ಮೇಲೆ ಬೀಳಬಹುದು' ಎಂಬುದನ್ನು ವೈದ್ಯಲೋಕ ನಿಧಾನವಾಗಿ ಒಪ್ಪಿಕೊಂಡಿತು.

ಹಲ್ಲು ಕಿತ್ತರು, ಜ್ವರ ಬರಿಸಿದರು

ಈ ನಡುವಿನ ಕಾಲದಲ್ಲಿ ರೋಗಿಗಳ ಪಾಡೇನು? ಕಾರಣ ಹೊರಗಿನದೇ ಎಂದು ನಂಬಿದ ವೈದ್ಯರು ರೋಗಾಣು ಎಲ್ಲಿ ಅಡಗಿದೆ ಎಂದು ಹುಡುಕುತ್ತಿದ್ದರು. ಹುಳುಕು ಹಲ್ಲಿನಲ್ಲೋ ಟಾನ್ಸಿಲ್‌ನಲ್ಲೋ ಇರಬೇಕು ಎಂದು ಅವುಗಳನ್ನು ಕಿತ್ತು ಹಾಕುವುದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಯೂರೋಪ್, ಅಮೆರಿಕಗಳಲ್ಲಿ ಮಾಮೂಲಾಗಿತ್ತು. ಟೈಫಾಯ್ಡ್ ಲಸಿಕೆಯನ್ನು ರಕ್ತನಾಳಕ್ಕೆ ಕೊಟ್ಟು ಬೇಕೆಂದೇ ಜ್ವರ ಬರಿಸುವುದೂ ಒಂದು ಚಿಕಿತ್ಸೆ. ಹಾಲನ್ನು ಇಂಜೆಕ್ಷನ್ ಮಾಡಿದ್ದೂ ಉಂಟು! ಆ ಕಾಲದ ಔಷಧಿಗಳಲ್ಲಿ ಇವತ್ತಿಗೂ ಉಳಿದದ್ದು ಅಟ್ರೋಪಿನ್. ಅದು ಪಾಪೆಯನ್ನು ಅಗಲಿಸಿ, ಊದಿದ ಪದರ ಹಿಂದಿನ ಮಸೂರಕ್ಕೆ ಅಂಟಿಕೊಳ್ಳದ ಹಾಗೆ ಕಾಯುತ್ತದೆ. ನಮ್ಮ ಗೆಳೆಯನಿಗೂ ಪಾಪೆ ಅಗಲಿಸುವ ಹನಿ ಕೊಟ್ಟಿದ್ದರು.

ಹೊರಗಿನ ಶತ್ರುವನ್ನು ಗುರುತಿಸುವುದರಲ್ಲೂ ಎಡವಟ್ಟುಗಳಾಗುತ್ತಿದ್ದವು. ಕಣ್ಣಿನ ಹಿಂಭಾಗದ ಉರಿಯೂತವೆಂದರೆ ಕ್ಷಯ ಎಂದು ಹಣೆಪಟ್ಟಿ ಹಚ್ಚುವುದು ರೂಢಿಯಾಗಿತ್ತು. ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಹೆಲೆನಾರ್ ವೈಲ್ಡರ್ ಎಂಬಾಕೆ ವೈದ್ಯಕೀಯ ಪದವಿ ಇಲ್ಲದವರು. ತೆಗೆದಿಟ್ಟಿದ್ದ ಹಳೆಯ ಕಣ್ಣುಗಳ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತಾಳ್ಮೆಯಿಂದ ನೋಡುತ್ತ ಹೋದರು. ಕ್ಷಯ ಎಂದು ಬರೆದಿದ್ದ ಅನೇಕ ಕಣ್ಣುಗಳಲ್ಲಿ ಅವರಿಗೆ ಸಿಕ್ಕಿದ್ದು ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಜೀವಿ. 1952ರಲ್ಲಿ ಇದು ಪ್ರಕಟವಾಯಿತು.

ಮಾಯೆಯ ಔಷಧಿ, ಅದರ ಬೆಲೆ

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಎರಡು ವರ್ಷಕ್ಕೆ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ರೈಷ್ಟೈನ್ ಮೂವರಿಗೂ ನೊಬೆಲ್ ಬಂತು. ಅದೇ ಹೊತ್ತಿಗೆ ಕಣ್ಣಿನ ವೈದ್ಯರೂ ಅದನ್ನು ಬಳಸತೊಡಗಿದ್ದರು. ತಿಂಗಳುಗಟ್ಟಲೆ ಆರದ ಕಣ್ಣುಗಳು ವಾರದಲ್ಲಿ ತಿಳಿಯಾದವು.

ಸ್ಟಿರಾಯ್ಡ್ ಬಂದದ್ದು ಈ ಇತಿಹಾಸದ ದೊಡ್ಡ ತಿರುವು, ಜೊತೆಗೆ ದೊಡ್ಡ ಗುಂಡಿ ಕೂಡ. ಅದು ಒಳಗಿನವರು, ಹೊರಗಿನವರು ಎಂದು ಕೇಳುವುದಿಲ್ಲ. ಕಾರಣ ಯಾವುದೇ ಇರಲಿ, ಕೆಂಪನ್ನು ಇಳಿಸುತ್ತದೆ. ರೋಗಿಗೆ ವಾಸಿಯಾದಂತೆ ಅನ್ನಿಸುತ್ತದೆ, ವೈದ್ಯರಿಗೂ ಹುಡುಕುವ ಅಗತ್ಯ ಕಾಣುವುದಿಲ್ಲ. ಬೆಲೆ ಆಮೇಲೆ ತಿಳಿಯುತ್ತದೆ. ದೀರ್ಘಕಾಲ ಸ್ಟಿರಾಯ್ಡ್ ನುಂಗಿದ ಕೀಲುವಾತದ ರೋಗಿಗಳ ಕಣ್ಣಿನಲ್ಲಿ ಪೊರೆ ಬರುತ್ತದೆ ಎಂಬುದು 1960ರಲ್ಲಿ ವರದಿಯಾಯಿತು. ಕಣ್ಣಿನ ಒತ್ತಡ ಏರಿ ಗ್ಲಾಕೋಮ ಬರುವುದೂ ಆ ವರ್ಷಗಳಲ್ಲೇ ಸ್ಪಷ್ಟವಾಯಿತು. ಗ್ಲಾಕೋಮದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ನಮ್ಮ ಗೆಳೆಯ ಅಂಗಡಿಯಿಂದ ತಂದ ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಆಮೇಲೆ ಓದಿದೆವು. ಆಂಟಿಬಯಾಟಿಕ್ ಜೊತೆ ಸ್ಟಿರಾಯ್ಡ್ ಬೆರೆಸಿದ ಹನಿ ಅದು. ಕೆಂಪು ಇಳಿದು ಮತ್ತೆ ಏರಿದ್ದು ಅದಕ್ಕೇ. ಹನ್ನೆರಡು ದಿನ ಅದು ಕಾಯಿಲೆಯನ್ನು ಮುಚ್ಚಿಟ್ಟಿತ್ತೇ ಹೊರತು ವಾಸಿ ಮಾಡಿರಲಿಲ್ಲ.

ಸೊಂಟದ ಪ್ರಶ್ನೆ ಹುಟ್ಟಿದ್ದು

ಈಗ ಆ ಪ್ರಶ್ನೆಗೆ ಬರೋಣ. ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೆ ಕಣ್ಣೂ ಕೆಂಪಾಗುತ್ತದೆ ಎಂಬುದು ವೈದ್ಯರಿಗೆ ಅನುಭವದಿಂದ ಗೊತ್ತಿತ್ತು. ಏಕೆ ಎಂದು ಗೊತ್ತಿರಲಿಲ್ಲ. 1973ರಲ್ಲಿ ಲಂಡನ್ನಿನ ಡೆರಿಕ್ ಬ್ರೂವರ್ಟನ್ ತಂಡ ಈ ಬೆನ್ನಿನ ಕಾಯಿಲೆ ಇರುವವರ ರಕ್ತ ಪರೀಕ್ಷಿಸಿದಾಗ, ಬಹುತೇಕ ಎಲ್ಲರ ಜೀವಕೋಶಗಳ ಮೇಲೂ ಎಚ್‌ಎಲ್‌ಎ-ಬಿ27 ಎಂಬ ಒಂದೇ ಗುರುತು ಕಂಡಿತು. ಅದೇ ವರ್ಷ ಅಮೆರಿಕದ ಲಾಸ್ ಏಂಜಲಿಸ್‌ನ ತಂಡವೂ ಇದನ್ನೇ ಕಂಡಿತು. ಬ್ರೂವರ್ಟನ್ ಒಂದು ಹೆಜ್ಜೆ ಮುಂದೆ ಹೋಗಿ, ಕಣ್ಣಿನ ಮುಂಭಾಗಕ್ಕೆ ಯೂವೈಟಿಸ್ ಬಂದವರ ರಕ್ತವನ್ನೂ ನೋಡಿದ. ಅವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದೇ ಗುರುತು!

ಎಚ್‌ಎಲ್‌ಎ ಎಂದರೆ ಜೀವಕೋಶದ ಬಾಗಿಲಲ್ಲಿ ತೂಗುಹಾಕಿದ ಗುರುತಿನ ಚೀಟಿ ಎನ್ನಬಹುದು. ಅಪ್ಪ ಅಮ್ಮನಿಂದ ಬರುತ್ತದೆ. ರೋಗನಿರೋಧಕ ಪಡೆ ತನ್ನವರು ಯಾರು ಎಂದು ನೋಡುವುದು ಇದರ ಮೂಲಕವೇ. ಒಂದು ಮಾತು ಇಲ್ಲಿ ಮುಖ್ಯ. ಬಿ27 ಇರುವ ಹೆಚ್ಚಿನವರಿಗೆ ಜೀವನವಿಡೀ ಯಾವ ಕಾಯಿಲೆಯೂ ಬರುವುದಿಲ್ಲ. ಗುರುತು ಇದ್ದರೆ ರೋಗ ಇದೆ ಎಂದಲ್ಲ. ಆದರೆ ಕಣ್ಣು, ಸೊಂಟ ಎರಡೂ ಒಟ್ಟಿಗೆ ದೂರು ಹೇಳಿದರೆ ಅದು ಒಂದೇ ಕಥೆಯ ಎರಡು ಅಧ್ಯಾಯ ಇರಬಹುದು. 2015ರಲ್ಲಿ ಡಬ್ಲಿನ್ ನಗರದ ಸಂಶೋಧಕರು ಈ ಬಗೆಯ ಕಣ್ಣುಬೇನೆಯಿಂದ ಆಸ್ಪತ್ರೆಗೆ ಬಂದವರನ್ನು ವಿಚಾರಿಸಿದರು. ಸುಮಾರು ಶೇ. 40ರಷ್ಟು ಜನರಿಗೆ ಅಲ್ಲಿಯವರೆಗೆ ಯಾರೂ ಪತ್ತೆ ಮಾಡದ ಬೆನ್ನು-ಕೀಲುಗಳ ಕಾಯಿಲೆ ಇತ್ತು. ಕೆಂಪು ಕಣ್ಣು ಅವರನ್ನು ಆಸ್ಪತ್ರೆಗೆ ಕರೆತರದಿದ್ದರೆ ಅವರೂ ಕುರ್ಚಿಯನ್ನೇ ಬೈಯುತ್ತಿದ್ದರೋ ಏನೋ.

ಕಣ್ಣನ್ನೇ ನೋಡದ ಕಾವಲುಗಾರರು

ದೇಹಕ್ಕೆ ತನ್ನ ಕಣ್ಣು ಗೊತ್ತಿಲ್ಲದೆ ಹೋಗುವುದು ಹೇಗೆ? 1940ರ ದಶಕದಲ್ಲಿ ಪೀಟರ್ ಮೆಡಾವರ್, ಬೇರೆ ಪ್ರಾಣಿಯ ಚರ್ಮದ ತುಣುಕನ್ನು ಕಣ್ಣಿನ ಒಳಗೆ ಇಟ್ಟರೆ ಬೇರೆ ಕಡೆ ಆಗುವಂತೆ ದೇಹ ಅದನ್ನು ಬೇಗ ತಿರಸ್ಕರಿಸುವುದಿಲ್ಲ ಎಂದು ಕಂಡುಕೊಂಡ. ಕಣ್ಣು ರೋಗನಿರೋಧಕ ಪಡೆಯ ಮಾಮೂಲಿ ಗಸ್ತಿನಿಂದ ದೂರ ಇರುವ ಜಾಗ. ಗಸ್ತು ತಿರುಗುವವರು ಸಣ್ಣ ವಿಷಯಕ್ಕೆಲ್ಲ ಗಲಾಟೆ ಎಬ್ಬಿಸಿದರೆ ದೃಷ್ಟಿಯೇ ಹೋಗುತ್ತದೆ, ಅದಕ್ಕೆ ಈ ಏರ್ಪಾಡು. ಅದರ ಇನ್ನೊಂದು ಮುಖವೆಂದರೆ, ಕಣ್ಣಿನ ಒಳಗಿನ ವಸ್ತುಗಳ ಪರಿಚಯ ಪಡೆಗೆ ಸರಿಯಾಗಿ ಆಗಿರುವುದಿಲ್ಲ.

1960ರ ದಶಕದಿಂದ ವಾಕರ್ ಮತ್ತು ಲಿಪ್ಟನ್ ಎಂಬ ಅಮೆರಿಕದ ವಿಜ್ಞಾನಿಗಳು ಗಿನಿಯಿಲಿಗಳಿಗೆ ಅಕ್ಷಿಪಟಲದ ಸಾರವನ್ನು ಚುಚ್ಚಿ ಯೂವೈಟಿಸ್ ಬರಿಸಿದರು. ಅಕ್ಷಿಪಟಲದ ಯಾವ ಪ್ರೊಟೀನ್ ಮೇಲೆ ದಾಳಿ ಎಂಬುದು 1970ರ ದಶಕದಲ್ಲಿ ತಿಳಿಯಿತು. ಈ ತಿಳಿವಳಿಕೆಯನ್ನು ರೋಗಿಗಳಿಗೆ ತಲುಪಿಸಿದವರಲ್ಲಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ರಾಬರ್ಟ್ ನುಸೆನ್‌ಬ್ಲಾಟ್ ಮುಖ್ಯರು. ಅಂಗಾಂಗ ಕಸಿಗೆಂದು ಬಂದಿದ್ದ ಸೈಕ್ಲೋಸ್ಪೋರಿನ್ ಅನ್ನು 1980ರ ದಶಕದ ಆರಂಭದಲ್ಲಿ ಅವರು ಕಣ್ಣಿಗೆ ಬಳಸಿ ನೋಡಿದರು.

ಕಣ್ಣಿನ ಒಳಗೆ ಬರದ ಪಡೆಗೆ ಕಣ್ಣಿನ ಮೇಲೆ ಸಿಟ್ಟು ಬರುವುದೆಲ್ಲಿ? ಅದೇ ಸಂಸ್ಥೆಯ ರೇಚಲ್ ಕ್ಯಾಸ್ಪಿ ತಂಡ 2015ರಲ್ಲಿ ಅಚ್ಚರಿಯ ಉತ್ತರ ಕೊಟ್ಟಿತು. ಅವರ ಇಲಿಗಳಲ್ಲಿ ಆ ಸಿಟ್ಟು ಹುಟ್ಟುತ್ತಿದ್ದುದು ಕರುಳಿನಲ್ಲಿ. ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಔಷಧಿಯಿಂದ ಕಡಿಮೆ ಮಾಡಿದಾಗ ಕಣ್ಣಿನ ಉರಿಯೂತವೂ ತಗ್ಗಿತು. ಇದು ಇಲಿಗಳ ಮಾತು. ಇದನ್ನು ಓದಿ ಯಾರೂ ಕಣ್ಣಿಗೆ ಮಜ್ಜಿಗೆ ವೈದ್ಯ ಶುರು ಮಾಡಬಾರದು. ಆದರೆ ಕಣ್ಣು, ಸೊಂಟ, ಕರುಳು ಎಂದು ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ವೈದ್ಯರು ಒಬ್ಬರನ್ನೊಬ್ಬರು ಕೇಳಲೇಬೇಕು ಎಂಬುದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ನಮ್ಮ ನೆಲದಲ್ಲಿ ಪ್ರಶ್ನೆ ಇನ್ನೂ ಕಷ್ಟ

ಲಂಡನ್ನಿನಲ್ಲೋ ಡಬ್ಲಿನ್‌ನಲ್ಲೋ ಕೆಂಪು ಕಣ್ಣು ನೋಡುವ ವೈದ್ಯರಿಗಿಂತ ಬೆಂಗಳೂರಿನ ವೈದ್ಯರ ಕೆಲಸ ಕಷ್ಟ. ಇಲ್ಲಿ ಹೊರಗಿನ ಶತ್ರುಗಳು ಬಹಳ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಹಾಗಾಗಿ ಗೆಳೆಯನಿಗೂ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಚರ್ಮ ಪರೀಕ್ಷೆ ಆಗಿತ್ತು.

1993ರ ಮಳೆಗಾಲದ ಪ್ರವಾಹದ ನಂತರ ಮದುರೆಯ ಅರವಿಂದ ಕಣ್ಣಾಸ್ಪತ್ರೆಗೆ ಯೂವೈಟಿಸ್ ರೋಗಿಗಳು ಸಾಲಾಗಿ ಬಂದರು. ಡಾ. ಎಸ್.ಆರ್. ರತಿನಂ ತಂಡ ಹುಡುಕಿದಾಗ ಕಂಡದ್ದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ. ಅಂಥ 73 ರೋಗಿಗಳ ವಿವರವನ್ನು 1997ರಲ್ಲಿ ಪ್ರಕಟಿಸಿದರು. ಕೆಸರು ನೀರಿನಲ್ಲಿ ಕೆಲಸ ಮಾಡುವ ರೈತರಿಗೆ ಈ ಜ್ವರದ ಅಪಾಯ ಹೆಚ್ಚು.

ನಮ್ಮ ರಾಜ್ಯದ ಸರದಿ 2006ರಲ್ಲಿ ಬಂತು. ಆ ವರ್ಷದ ಚಿಕೂನ್‌ಗುನ್ಯವನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ನಾವು ಆಗ ಶಾಲೆಯಲ್ಲಿದ್ದೆವು. ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿತ್ತು. ಜ್ವರ ಹೋಗಿ ಕೀಲುನೋವು ಉಳಿದದ್ದು ಎಲ್ಲರಿಗೂ ಗೊತ್ತು. ಕೆಲವರಿಗೆ ಕಣ್ಣಿಗೂ ಪೆಟ್ಟು ಬಿದ್ದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಂಗಡಿಗರು ಅಂಥ ರೋಗಿಗಳನ್ನು ಪರೀಕ್ಷಿಸಿ 2008ರಲ್ಲಿ ಅಂತರರಾಷ್ಟ್ರೀಯ ನೇತ್ರ ಪತ್ರಿಕೆಯೊಂದರಲ್ಲಿ ಬರೆದರು. ಹೆಚ್ಚಾಗಿ ಕಂಡದ್ದು ಕಣ್ಣಿನ ಮುಂಭಾಗದ ಯೂವೈಟಿಸ್ ಮತ್ತು ಅಕ್ಷಿಪಟಲದ ಉರಿಯೂತ. ಬಹುತೇಕರಿಗೆ ವಾಸಿಯಾಯಿತು.

ಡೆಂಗಿ, ಚಿಕೂನ್‌ಗುನ್ಯ, ಉಣ್ಣೆ ಕಚ್ಚಿ ಬರುವ ರಿಕೆಟ್ಸಿಯಾ ಜ್ವರಗಳು ಇಳಿದು ಎರಡು-ನಾಲ್ಕು ವಾರಗಳ ನಂತರ ದೃಷ್ಟಿ ಮಂಜಾಗುವುದನ್ನು ದಕ್ಷಿಣ ಭಾರತದ ವೈದ್ಯರು ಈಗ 'ಜ್ವರದ ನಂತರದ ರೆಟಿನೈಟಿಸ್' ಎಂದು ಕರೆಯುತ್ತಾರೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ವೈದ್ಯರು ತಾವು ಕಂಡ ಇಂಥ ರೋಗಿಗಳ ಬಗ್ಗೆ 2014ರಲ್ಲಿ ಪ್ರಕಟಿಸಿದ್ದಾರೆ. ಇಲ್ಲಿ ಒಳಗಿನವರು-ಹೊರಗಿನವರು ಎಂಬ ಗೆರೆಯೇ ಕಲಸಿಹೋಗುತ್ತದೆ. ರೋಗಾಣು ಹೊರಗಿನಿಂದ ಬಂತು ನಿಜ. ಆದರೆ ಜ್ವರ ಇಳಿದ ಮೇಲೆ ಕಣ್ಣನ್ನು ಕೆಡಿಸುತ್ತಿರುವುದು ರೋಗಾಣುವೋ, ಅದನ್ನು ಅಟ್ಟಲು ಎದ್ದು ಇನ್ನೂ ಶಾಂತವಾಗದ ನಮ್ಮದೇ ಪಡೆಯೋ? ತಜ್ಞರ ನಡುವೆ ಈ ಚರ್ಚೆ ಇನ್ನೂ ನಡೆದಿದೆ.

ಎಣಿಸಲು ಸಿಗದ ಕುರುಡು

1896ರಲ್ಲಿ ಸಣ್ಣದಾಗಿ ಶುರುವಾದ ಮಿಂಟೋ ಆಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದದ್ದು 1913ರಲ್ಲಿ. ನಮ್ಮ ಅಜ್ಜ-ಅಜ್ಜಿಯರ ತಲೆಮಾರಿಗೆ ಕಣ್ಣಿನ ವೈದ್ಯ ಎಂದರೆ ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಅವರು 1940ರ ದಶಕದಿಂದ ಊರೂರು ತಿರುಗಿ ಉಚಿತ ಶಿಬಿರ ಮಾಡಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮುಖ್ಯ ಗುರಿಯೂ ಪೊರೆಯೇ. ಅದು ಸರಿಯೇ ಆಗಿತ್ತು. ಹಳ್ಳಿಗಳಲ್ಲಿ ಅತಿ ಹೆಚ್ಚು ಜನರನ್ನು ಕುರುಡು ಮಾಡುತ್ತಿದ್ದುದು ಪೊರೆ.

ಆದರೆ ಯೂವೈಟಿಸ್ ಶಿಬಿರಕ್ಕೆ ಒಗ್ಗುವ ಕಾಯಿಲೆ ಅಲ್ಲ. ಒಂದು ದಿನದಲ್ಲಿ ಮುಗಿಯುವುದಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ, ಮತ್ತೆ ಮತ್ತೆ ಬರುವುದು, ತಿಂಗಳುಗಟ್ಟಲೆ ಔಷಧಿ. ಬರುವುದೂ ಮುದುಕರಿಗಲ್ಲ, ಹೆಚ್ಚಾಗಿ ಇಪ್ಪತ್ತರಿಂದ ಐವತ್ತರೊಳಗಿನ ದುಡಿಯುವವರಿಗೆ. ಹಳ್ಳಿಯ ಕೂಲಿಯವನು ವಾರ ವಾರ ಬಸ್ಸು ಹತ್ತಿ ಬರಲಾರ. ಸ್ಟಿರಾಯ್ಡ್ ಹನಿಯ ಸೀಸೆ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕುತ್ತ ಹೋಗುತ್ತಾನೆ.

ಹೀಗಾಗುವುದನ್ನು ನಮ್ಮ ರಾಜ್ಯದಲ್ಲೇ ಒಮ್ಮೆ ಅಳೆದು ತೋರಿಸಿದ್ದಾರೆ, ಆದರೆ ಬೇರೆ ಕಾಯಿಲೆಯ ವಿಷಯದಲ್ಲಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ಮುರಿಯಿತು. ಬಹುತೇಕ ರೋಗಿಗಳಿಗೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಅದೇ ಜಿಲ್ಲೆಯ ನಮ್ಮ ಗೆಳೆಯನಿಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, ರಾಜಧಾನಿಯಲ್ಲಿ ಸಿಕ್ಕಿದ್ದು ಹನಿಯ ಸೀಸೆ.

ಅಗ್ಗದ ಮಾತ್ರೆಯ ಗೆಲುವು

ಈ ಇತಿಹಾಸದಲ್ಲಿ ನಮಗೆ ಸಮಾಧಾನ ಕೊಟ್ಟ ಕಥೆಯೂ ಒಂದಿದೆ. ಅದು ಬೊಂಬಾಯಿಯಲ್ಲಿ ಶುರುವಾಗುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಡ ಬಸುರಿಯರ ರಕ್ತಹೀನತೆಯ ಕಾರಣ ಹುಡುಕುತ್ತ ಬಂದರು. ಯೀಸ್ಟ್ ಸಾರ ತಿಂದರೆ ಅದು ವಾಸಿಯಾಗುತ್ತದೆ ಎಂದು ಕಂಡುಕೊಂಡರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಲೆಡರ್ಲೆ ಪ್ರಯೋಗಾಲಯದ ತಂಡ 1940ರ ದಶಕದಲ್ಲಿ ಫೋಲಿಕ್ ಆಮ್ಲವನ್ನೂ, ಅದಕ್ಕೆ ಅಡ್ಡ ನಿಲ್ಲುವ ಔಷಧಿಗಳನ್ನೂ ತಯಾರಿಸಿತು. ಅವುಗಳಲ್ಲಿ ಒಂದು ಮೆಥೊಟ್ರೆಕ್ಸೇಟ್. ಮೊದಲು ಮಕ್ಕಳ ರಕ್ತ ಕ್ಯಾನ್ಸರಿಗೆ ಈ ಜಾತಿಯ ಔಷಧಿ ಬಂತು, ಆಮೇಲೆ ಕೀಲುವಾತಕ್ಕೆ. 1965ರಲ್ಲಿ ಕಣ್ಣಿಗೂ ಬಳಸಿ ನೋಡಿದರು. ಸುಬ್ಬರಾವ್ 1948ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು, ಹೆಂಚ್ ಕಾರ್ಟಿಸೋನ್ ಕೊಡುವುದಕ್ಕೆ ತಿಂಗಳ ಮುಂಚೆ.

ದೀರ್ಘಕಾಲ ಸ್ಟಿರಾಯ್ಡ್ ಕೊಡುವುದನ್ನು ತಪ್ಪಿಸಲು ಮೆಥೊಟ್ರೆಕ್ಸೇಟ್ ಒಳ್ಳೆಯದೋ, ಅದಕ್ಕಿಂತ ದುಬಾರಿಯ ಮೈಕೊಫಿನೊಲೇಟ್ ಒಳ್ಳೆಯದೋ ಎಂಬ ಪ್ರಶ್ನೆ ಬಹಳ ಕಾಲ ಹಾಗೇ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಿದ ಅಂತರರಾಷ್ಟ್ರೀಯ ಪರೀಕ್ಷೆಗೆ ಭಾರತದ ರೋಗಿಗಳೂ ಸೇರಿದ್ದರು, ವರದಿಯ ಮೊದಲ ಹೆಸರು ಮದುರೆಯ ಡಾ. ರತಿನಂ ಅವರದೇ. 216 ರೋಗಿಗಳಿದ್ದ ಆ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು: ದುಬಾರಿ ಔಷಧಿ ಹೆಚ್ಚಿನದೇನನ್ನೂ ಮಾಡಲಿಲ್ಲ. ಹಳೆಯ, ಅಗ್ಗದ ಮಾತ್ರೆ ಅದಕ್ಕೆ ಸರಿಸಮವಾಗಿ ನಿಂತಿತು. ಈ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಿಯರು ಮುಟ್ಟಬಾರದು. ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಕೊಡುತ್ತಾರೆ, ಅಂದರೆ ವಿಲ್ಸ್ ಹುಡುಕಿದ್ದು, ಸುಬ್ಬರಾವ್ ತಂಡ ತಯಾರಿಸಿದ್ದು ಎರಡೂ ಒಂದೇ ಚೀಟಿಯಲ್ಲಿ.

ಇವಕ್ಕೂ ಬಗ್ಗದಿದ್ದರೆ ಅಡಾಲಿಮುಮಾಬ್ ಎಂಬ ಇಂಜೆಕ್ಷನ್ ಇದೆ. ಉರಿಯೂತದ ಒಂದು ನಿರ್ದಿಷ್ಟ ಸಂದೇಶವನ್ನು ಮಾತ್ರ ತಡೆಯುತ್ತದೆ. ಯೂವೈಟಿಸ್‌ಗೆ ಇದನ್ನು ಬಳಸಲು ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಇದರ ದೇಶೀ ರೂಪ 2014ರ ಕೊನೆಯಲ್ಲೇ ಬಂದಿತ್ತು. ಬೆಲೆ ಇಳಿದಿದ್ದರೂ ಕೂಲಿಯವರ ಕೈಗೆಟುಕುವುದಿಲ್ಲ. ಮಲಗಿರುವ ಕ್ಷಯವನ್ನು ಎಬ್ಬಿಸಬಹುದಾದ್ದರಿಂದ ಮೊದಲು ಮತ್ತೆ ಅದೇ ಪರೀಕ್ಷೆ, ಅದೇ ಪ್ರಶ್ನೆ.

ಕೊನೆಗೆ

ಗೆಳೆಯನ ರಕ್ತದಲ್ಲಿ ಬಿ27 ಇತ್ತು. ಸ್ಟಿರಾಯ್ಡ್ ಹನಿಯನ್ನೇ ಕೊಟ್ಟರು, ಆದರೆ ಮೊದಲು ಗಂಟೆಗೊಮ್ಮೆ, ಆಮೇಲೆ ವಾರಗಳ ಮೇಲೆ ಲೆಕ್ಕ ಹಾಕಿ ಇಳಿಸುತ್ತ, ನಡುನಡುವೆ ಕಣ್ಣಿನ ಒತ್ತಡ ಅಳೆಯುತ್ತ. ದೃಷ್ಟಿ ಮರಳಿತು. ಪಾಪೆ ಒಂದು ಕಡೆ ಮಸೂರಕ್ಕೆ ಅಂಟಿಕೊಂಡು ಈಗಲೂ ಸ್ವಲ್ಪ ಸೊಟ್ಟಗಿದೆ. ಅದು ಆ ಹನ್ನೆರಡು ದಿನಗಳ ಗುರುತು. ಸೊಂಟಕ್ಕೆ ಕೀಲುರೋಗ ತಜ್ಞರನ್ನು ಕಂಡ, ದಿನಾ ವ್ಯಾಯಾಮ ಮಾಡುತ್ತಾನೆ. ಎರಡು ವರ್ಷದ ಮೇಲೆ ಬಲಗಣ್ಣು ಕೆಂಪಾದಾಗ ಅಂಗಡಿಗೆ ಹೋಗಲಿಲ್ಲ. ಬೆಳಿಗ್ಗೆ ಮೆಟ್ರೋ ಹತ್ತಿ ಆಸ್ಪತ್ರೆಗೆ ಹೋಗಿ ಮಧ್ಯಾಹ್ನದ ಶಿಫ್ಟಿಗೆ ಆಫೀಸಿನಲ್ಲಿದ್ದ. ಆ ಕಣ್ಣಿನ ಪಾಪೆ ದುಂಡಗೇ ಇದೆ.

ಓದುವವರಿಗೆ ನಮ್ಮ ಕೋರಿಕೆ ಇಷ್ಟೇ. ಕಣ್ಣು ಕೆಂಪಾಗಿ, ಆಳದಲ್ಲಿ ನೋವಿದ್ದು, ಬೆಳಕು ಆಗದೆ, ದೃಷ್ಟಿ ಮಂಜಾದರೆ ಅಂದೇ ಅಥವಾ ಮರುದಿನವೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಜ್ವರ ಬಿಟ್ಟು ಕೆಲವು ವಾರಗಳ ಮೇಲೆ ಕಣ್ಣು ಕೆಂಪಾಗದೆಯೇ ಮಂಜಾದರೂ ಹೋಗಿ, ಜ್ವರ ಬಂದಿತ್ತೆಂದು ನೀವೇ ಹೇಳಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ಬೆಳಿಗ್ಗೆ ಸೊಂಟ ಹಿಡಿಯುತ್ತದೆಯೇ, ಬಾಯಿಹುಣ್ಣು ಮರುಕಳಿಸುತ್ತದೆಯೇ, ಇದನ್ನೂ ಹೇಳಿ. ಅಂಗಡಿಯಿಂದ ತಂದು ಹಾಕಿದ ಹನಿ ಯಾವುದೆಂದು ಮುಚ್ಚಿಡಬೇಡಿ, ಸೀಸೆಯನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.